ದುಡಿಯುವ ಪ್ರೋಗ್ರಾಂ ಬೇರೆ, ದುಡಿಸುವ ಪ್ರೋಗ್ರಾಂ ಬೇರೆ: ನಿಧಾನವಾದ ಒಂದು ಲ್ಯಾಪ್‌ಟಾಪ್‌ನ ಪ್ರಕರಣ

ಹಿನ್ನೆಲೆ

ಈ ಲ್ಯಾಪ್‌ಟಾಪ್ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯದು. ಅವರ ಗುರುತು ಹೊರಬೀಳಬಾರದೆಂದು ಹೆಸರು, ಅಧ್ಯಯನದ ವಿಷಯ, ಲ್ಯಾಪ್‌ಟಾಪ್‌ನ ಕಂಪನಿ ಮತ್ತು ಮಾಡೆಲ್ ಯಾವುದನ್ನೂ ಇಲ್ಲಿ ಹೇಳಿಲ್ಲ. ತಾಂತ್ರಿಕ ವಿವರಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಅವೇ ಇಲ್ಲದಿದ್ದರೆ ಬರೆದು ಪ್ರಯೋಜನವಿಲ್ಲ.

ತೆಳು ಮಾದರಿಯ ಲ್ಯಾಪ್‌ಟಾಪ್. 4 ಕೋರ್, 8 ಥ್ರೆಡ್‌ಗಳ (ಅಂದರೆ ಒಟ್ಟಿಗೆ 8 ಕೆಲಸ ನಡೆಸಬಲ್ಲ) ಪ್ರೊಸೆಸರ್, ಅದರ ಮೂಲ ವೇಗ 1.6 ಗಿಗಾಹರ್ಟ್ಸ್. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ವಿಂಡೋಸ್ 11. ಪ್ರಬಂಧ ಬರೆಯುವುದು, ಅಂಕಿಅಂಶಗಳ ವಿಶ್ಲೇಷಣೆ, ಬ್ರೌಸರ್‌ನಲ್ಲಿ ಓದು: ಇಷ್ಟಕ್ಕೆ ಈ ಯಂತ್ರ ಧಾರಾಳವಾಗಿ ಸಾಕು. ಕೆಲವು ವರ್ಷ ಯಾವ ತಕರಾರೂ ಇಲ್ಲದೆ ನಡೆದಿತ್ತು. ಪ್ರಬಂಧದ ಕೊನೆಯ ಅಧ್ಯಾಯಗಳ ಹೊತ್ತಿಗೆ, ಅಂದರೆ ಒಂದು ದಿನವನ್ನೂ ಕಳೆದುಕೊಳ್ಳುವ ಹಾಗಿಲ್ಲದ ಸಮಯಕ್ಕೆ ಸರಿಯಾಗಿ, ತೊಂದರೆ ಶುರುವಾಯಿತು.

ಸಮಸ್ಯೆ

ಏನೂ ತೆರೆಯದೆ ಸುಮ್ಮನೆ ಇಟ್ಟರೂ ಫ್ಯಾನ್ ಜೋರಾಗಿ ಸುತ್ತುತ್ತಿತ್ತು. ಟೈಪ್ ಮಾಡಿದ ಅಕ್ಷರ ಪರದೆಯ ಮೇಲೆ ಮೂಡಲು ತಡವಾಗುತ್ತಿತ್ತು. ಬ್ಯಾಟರಿ ಮೊದಲಿನದರ ಅರ್ಧ ಹೊತ್ತು ಮಾತ್ರ ಬರುತ್ತಿತ್ತು. ಯಾವ ಪ್ರೋಗ್ರಾಂ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಶೇ 30ರಿಂದ 40ರ ನಡುವೆ ನಿಂತಿರುತ್ತಿತ್ತು. ಕೆಲಸವೇ ಇಲ್ಲದ ವಿಂಡೋಸ್ ಯಂತ್ರ ಸಾಮಾನ್ಯವಾಗಿ ಶೇ 5ರ ಒಳಗೇ ಇರಬೇಕು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಶೇ 40 ಬಳಕೆ ಅಂದರೆ ಇನ್ನೂ ಶೇ 60 ಖಾಲಿ ಇದೆಯಲ್ಲ, ಅಕ್ಷರ ಮೂಡಲು ಯಾಕೆ ತಡವಾಗಬೇಕು? ಉತ್ತರ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲೇ ಇತ್ತು. ಅಲ್ಲಿನ 'ಸ್ಪೀಡ್' ಅಂಕಿ 1.1 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿತ್ತು. ಇಂಥ ಪ್ರೊಸೆಸರ್‌ಗಳು ಬೇಕಾದಾಗ 3 ಗಿಗಾಹರ್ಟ್ಸ್ ದಾಟಿ ಓಡಿ, ಕೆಲಸ ಮುಗಿಸಿ, ತಣ್ಣಗಾಗುವ ಹಾಗೆ ರೂಪಿಸಿದವು. ಬಿಡುವೇ ಇಲ್ಲದೆ ಗಂಟೆಗಟ್ಟಲೆ ದುಡಿದಾಗ ತೆಳು ಕವಚದೊಳಗೆ ಶಾಖ ಶೇಖರವಾಗುತ್ತದೆ. ಆಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗಾಗಿ ಶೇಕಡಾ ಅಂಕಿಯೊಂದನ್ನೇ ನೋಡಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಅದು ಯಾವ ವೇಗದ ಶೇಕಡಾ ಎಂಬುದನ್ನೂ ಜೊತೆಗೇ ನೋಡಬೇಕು.

ನನ್ನ ಕೈಗೆ ಬರುವ ಮೊದಲು ನಡೆದ ಪ್ರಯತ್ನಗಳು

ಗೆಳೆಯರು, ಪರಿಚಯದ ರಿಪೇರಿಯವರು ಸೇರಿ ಹಲವು ಪ್ರಯತ್ನ ಮಾಡಿದ್ದರು. ಎಲ್ಲವೂ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಪ್ರತಿಯೊಂದೂ ನಿಜಕ್ಕೆ ಒಂದು ಸುಳಿವು ಕೊಟ್ಟಿತ್ತು, ಅದನ್ನು ಸುಳಿವೆಂದು ಯಾರೂ ಓದಿರಲಿಲ್ಲ.

ಮೊದಲು ನೋಡಿದವರು ಡೀಟೇಲ್ಸ್ ಪುಟದಲ್ಲಿ 'ಸಿಸ್ಟಂ ಐಡಲ್ ಪ್ರೋಸೆಸ್' ಶೇ 60ಕ್ಕಿಂತ ಹೆಚ್ಚು ತೋರಿಸುವುದನ್ನು ಕಂಡು ಅದನ್ನೇ ಕಳ್ಳ ಎಂದಿದ್ದರು. ಅದು ಪ್ರೊಸೆಸರ್ ಖಾಲಿ ಕುಳಿತಿರುವ ಪಾಲು, ಹೆಚ್ಚಿದ್ದಷ್ಟೂ ಒಳ್ಳೆಯದು. ಈ ತಪ್ಪು ಓದು ಬಹಳ ಕಡೆ ನೋಡಿದ್ದೇನೆ, ಅದಕ್ಕೇ ಇಲ್ಲಿ ಹೇಳಿದೆ.

ಇನ್ನೊಬ್ಬರ ಕಣ್ಣು 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಮೇಲೆ ಬಿತ್ತು. ಅದು ವಿಂಡೋಸ್‌ನ ಸ್ವಂತ ಆಂಟಿವೈರಸ್ ಆದ ಡಿಫೆಂಡರ್. ಪಟ್ಟಿಯಲ್ಲಿ ಅದೇ ಮೇಲೆ ಕಂಡಿದ್ದರಿಂದ ಬೇರೊಂದು ಆಂಟಿವೈರಸ್ ಹಾಕಿಸಿದರು. ಹೊಸದು ಬಂದಾಗ ಡಿಫೆಂಡರ್ ತಾನೇ ಹಿಂದೆ ಸರಿಯಿತು. ಆದರೆ ಅದರ ಜಾಗದಲ್ಲಿ ಹೊಸ ಆಂಟಿವೈರಸ್ ಹೆಚ್ಚುಕಡಿಮೆ ಅಷ್ಟೇ ಪ್ರೊಸೆಸರ್ ತಿನ್ನತೊಡಗಿತು. ಆಳು ಬದಲಾದರೂ ಹೊರೆ ಬದಲಾಗಲಿಲ್ಲ. ಅಂದರೆ ಆಂಟಿವೈರಸ್ ತಾನಾಗಿ ಏನನ್ನೂ ಹುಡುಕುತ್ತಿಲ್ಲ, ಬೇರೆ ಯಾರೋ ತೆರೆಯುತ್ತಿರುವ ಫೈಲ್‌ಗಳನ್ನು ಪರೀಕ್ಷಿಸುತ್ತಿದೆ ಎಂದು ಆಗಲೇ ಊಹಿಸಬಹುದಿತ್ತು.

ಮೂರನೆಯದು ಯಂತ್ರ ಬಿಚ್ಚಿ ಧೂಳು ತೆಗೆದು ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಶಾಖವನ್ನು ಹೊರಕ್ಕೆ ಸಾಗಿಸುವ ಲೇಪ) ಬದಲಿಸಿದ್ದು. ಇದರಿಂದ ಸ್ವಲ್ಪ ಹಗುರವಾಯಿತು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಇದೇ. ಪೂರ್ತಿ ವಿಫಲವಾದ ಪ್ರಯತ್ನವನ್ನು ಜನ ಬಿಟ್ಟು ಮುಂದೆ ಹೋಗುತ್ತಾರೆ. ಅರೆಬರೆ ಫಲ ಕೊಟ್ಟದ್ದನ್ನು 'ಕಾರಣ ಇದೇ, ಇನ್ನೂ ಸ್ವಲ್ಪ ಮಾಡಬೇಕು' ಅಂದುಕೊಂಡು ಹಿಡಿದು ಕೂರುತ್ತಾರೆ. ಧೂಳು ತೆಗೆದದ್ದರಿಂದ ಶಾಖ ಹೊರಹೋಗುವುದು ಸುಲಭವಾಯಿತು, ವೇಗ ಕೊಂಚ ಏರಿತು. ಬಳಕೆಯ ಶೇಕಡಾ ಮಾತ್ರ ಇದ್ದಲ್ಲೇ ಇತ್ತು. ಶಾಖ ಪರಿಣಾಮವಾಗಿತ್ತು, ಕಾರಣವಾಗಿರಲಿಲ್ಲ.

ನಾಲ್ಕನೆಯ ಪ್ರಯತ್ನ ಗುರಿಯ ಹತ್ತಿರಕ್ಕೇ ಹೋಗಿತ್ತು. 'ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್' ಯಾವಾಗಲೂ ಶೇ 12ರ ಮೇಲಿರುವುದನ್ನು ಗಮನಿಸಿದ ಗೆಳೆಯರೊಬ್ಬರು 'ವಿಂಡೋಸ್ ಮ್ಯಾನೇಜ್‌ಮೆಂಟ್ ಇನ್‌ಸ್ಟ್ರುಮೆಂಟೇಷನ್' (ಡಬ್ಲ್ಯುಎಂಐ ಅಂದರೆ ಇದೇ) ಎಂಬ ಸರ್ವಿಸ್ ಅನ್ನೇ, ಅಂದರೆ ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ ಅನ್ನೇ, ಬಂದ್ ಮಾಡಿಬಿಟ್ಟರು. ಯಂತ್ರ ಶಾಂತವಾಯಿತು. ಆದರೆ ವಿಂಡೋಸ್‌ನ ಭದ್ರತಾ ಪುಟ ಆಂಟಿವೈರಸ್ ಸ್ಥಿತಿಯನ್ನು ತೋರಿಸುವುದನ್ನೇ ನಿಲ್ಲಿಸಿತು, ಸಿಸ್ಟಂ ಮಾಹಿತಿ ಪುಟ ಖಾಲಿಯಾಯಿತು. ಯಂತ್ರದಲ್ಲಿ ಏನಿದೆ, ಅದರ ಸ್ಥಿತಿ ಹೇಗಿದೆ ಎಂದು ಕೇಳುವ ಪ್ರೋಗ್ರಾಂಗಳಿಗೆಲ್ಲ ಉತ್ತರ ಕೊಡುವ ವ್ಯವಸ್ಥೆ ಅದು. ವಿದ್ಯಾರ್ಥಿನಿ ಹೆದರಿ ಅದನ್ನು ಮತ್ತೆ ಚಾಲೂ ಮಾಡಿಸಿದರು, ಒಳ್ಳೆಯದೇ ಆಯಿತು.

ಕೊನೆಗೆ ಎಲ್ಲರೂ ಹೇಳಿದ್ದು, ಫಾರ್ಮ್ಯಾಟ್ ಮಾಡಿಸಿಬಿಡಿ.

ಫಾರ್ಮ್ಯಾಟ್ ಬೇಡವೆಂದು ನಿರ್ಧರಿಸಿದ್ದು

ಈ ಹಂತದಲ್ಲಿ ಲ್ಯಾಪ್‌ಟಾಪ್ ನನ್ನ ಬಳಿ ಬಂತು. ಫಾರ್ಮ್ಯಾಟ್ ಮಾಡಿದ್ದರೆ ಅಂದಿನ ಮಟ್ಟಿಗೆ ಸರಿಹೋಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ವಿಶ್ಲೇಷಣೆಯ ಸಾಫ್ಟ್‌ವೇರ್‌ಗಳನ್ನೂ ಅವುಗಳ ಲೈಸೆನ್ಸ್‌ಗಳನ್ನೂ ಉಲ್ಲೇಖಗಳ ಡೇಟಾಬೇಸನ್ನೂ ಮತ್ತೆ ಕೂರಿಸಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಬೇಕಾದ ಪ್ರೋಗ್ರಾಂಗಳು ಯಾವುವೋ ಅವೇ ಮತ್ತೆ ಬಂದು ಕೂರುತ್ತವೆ. ಕಾರಣ ಅವುಗಳಲ್ಲೇ ಇದ್ದರೆ, ಪ್ರಬಂಧ ಸಲ್ಲಿಸುವ ವಾರದಲ್ಲಿ ತೊಂದರೆ ಮರಳುತ್ತದೆ. ಮೊದಲು ಪ್ರಬಂಧದ ಫೈಲ್‌ಗಳೆಲ್ಲವನ್ನೂ ಬ್ಯಾಕಪ್ ತೆಗೆದು ಪಕ್ಕಕ್ಕಿಟ್ಟು, ಕಾರಣ ಹುಡುಕುವುದೆಂದು ಇಬ್ಬರೂ ಸೇರಿ ನಿರ್ಧರಿಸಿದೆವು.

ಮೊದಲ ಪ್ರಶ್ನೆ: ಇದು ಮಾಲ್‌ವೇರ್ (ಕೇಡು ಮಾಡಲೆಂದೇ ಬರೆದ ಪ್ರೋಗ್ರಾಂ) ಇರಬಹುದೇ? ಗೊತ್ತಿಲ್ಲದ ಹಾಗೆ ಕ್ರಿಪ್ಟೋ ಮೈನಿಂಗ್ (ನಮ್ಮ ಯಂತ್ರವನ್ನು ದುಡಿಸಿ ಬೇರೆಯವರಿಗೆ ಡಿಜಿಟಲ್ ಹಣ ಗಳಿಸುವುದು) ಮಾಡುವ ಪ್ರೋಗ್ರಾಂಗಳು ಪ್ರೊಸೆಸರ್ ಅನ್ನು ಹೀಗೇ ಹಿಂಡುತ್ತವೆ. ಅವುಗಳಲ್ಲಿ ಕೆಲವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗಿ, ಮುಚ್ಚಿದ ಮೇಲೆ ಮತ್ತೆ ಶುರುಮಾಡುತ್ತವೆ. ಇಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟರೂ ಬಳಕೆ ಇಳಿಯಲಿಲ್ಲ. ವೈಫೈ ಆರಿಸಿದರೂ ಇಳಿಯಲಿಲ್ಲ. ಇವೆರಡೂ ಸಮಾಧಾನದ ಲಕ್ಷಣಗಳೇ ಹೊರತು ಸಾಕ್ಷ್ಯವಲ್ಲ, ಆದ್ದರಿಂದ ಎರಡನೇ ಆಂಟಿವೈರಸ್ ತೆಗೆದು, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ನಡೆಯುವ ಪರೀಕ್ಷೆ ಅದು. ಏನೂ ಸಿಗಲಿಲ್ಲ. ಇದನ್ನು ಮೊದಲೇ ಮುಗಿಸಿಕೊಳ್ಳಬೇಕು. ಮಾಲ್‌ವೇರ್ ಇರುವ ಯಂತ್ರದಲ್ಲಿ ಉಳಿದ ಯಾವ ಅಳತೆಯನ್ನೂ ನಂಬುವ ಹಾಗಿಲ್ಲ.

ಎರಡನೆಯ ಪ್ರಶ್ನೆ ಹಾರ್ಡ್‌ವೇರ್‌ನದು. ವಿಂಡೋಸ್‌ನ ಅತ್ಯಗತ್ಯ ಭಾಗಗಳಷ್ಟೇ ಏಳುವ ಸೇಫ್ ಮೋಡ್‌ನಲ್ಲಿ ಬಿಟ್ಟು ನೋಡಿದಾಗ ಯಂತ್ರ ಶಾಂತವಾಗಿತ್ತು. ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಎಬ್ಬಿಸಿ ಅರ್ಧ ದಿನ ಬಿಟ್ಟರೂ ಶಾಂತವೇ. ಬ್ಯಾಟರಿಯೋ ಮದರ್‌ಬೋರ್ಡೋ ಕೆಟ್ಟು ಇಂಟರಪ್ಟ್‌ಗಳ (ಪ್ರೊಸೆಸರ್‌ನ ಗಮನ ಬೇಡುವ ಸಂಕೇತಗಳ) ಮಳೆ ಸುರಿಸುತ್ತಿದ್ದರೆ ಲಿನಕ್ಸ್‌ನಲ್ಲೂ ಅದು ಕಾಣಬೇಕಿತ್ತು. ಕಾಣಲಿಲ್ಲ, ಆ ಬಾಗಿಲು ಮುಚ್ಚಿತು.

ತಿರುವು: ಶಟ್‌ಡೌನ್ ಮತ್ತು ರೀಸ್ಟಾರ್ಟ್

ಮುಂದಿನ ಹೆಜ್ಜೆಗೆ ದಾರಿ ಮಾಡಿಕೊಟ್ಟದ್ದು ಯಾವ ಟೂಲೂ ಅಲ್ಲ, ಒಂದು ಮಾತುಕತೆ. 'ಯಾವಾಗ ಕೆಟ್ಟಿರುತ್ತೆ' ಅಂತ ಎಲ್ಲರೂ ಅವರನ್ನು ಕೇಳಿದ್ದರು. ನಾನು 'ಯಾವಾಗ ಚೆನ್ನಾಗಿರುತ್ತೆ' ಅಂತ ಕೇಳಿದೆ. ಅವರು ಯೋಚಿಸಿ ಹೇಳಿದರು: "ಅಪ್‌ಡೇಟ್ ಆಗಿ ಅದೇ ರೀಸ್ಟಾರ್ಟ್ ಆದ ದಿನ ಪರವಾಗಿಲ್ಲ ಅನ್ಸುತ್ತೆ. ಆದ್ರೆ ನಾನು ದಿನಾ ರಾತ್ರಿ ಶಟ್‌ಡೌನ್ ಮಾಡಿಯೇ ಮಲಗೋದು, ಬೆಳಿಗ್ಗೆ ಆನ್ ಮಾಡಿದ ತಕ್ಷಣ ಫ್ಯಾನ್ ಶುರು."

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ 'ಅಪ್ ಟೈಮ್' ಅಂತ ಒಂದು ಅಂಕಿ ಇರುತ್ತದೆ. ಯಂತ್ರ ಮೊದಲು ನನ್ನ ಕೈಗೆ ಬಂದಾಗ ಅದು 19 ದಿನ ತೋರಿಸುತ್ತಿತ್ತು. ದಿನವೂ ಶಟ್‌ಡೌನ್ ಮಾಡುವ ಯಂತ್ರಕ್ಕೆ 19 ದಿನ ಹೇಗೆ? ವಿಂಡೋಸ್ 8ರಿಂದ ಬಂದಿರುವ 'ಫಾಸ್ಟ್ ಸ್ಟಾರ್ಟಪ್' ಇದಕ್ಕೆ ಕಾರಣ. ಅದು ಚಾಲೂ ಇದ್ದಾಗ ಶಟ್‌ಡೌನ್ ಒತ್ತಿದರೆ ನಾವು ತೆರೆದ ಪ್ರೋಗ್ರಾಂಗಳು ಮಾತ್ರ ಮುಚ್ಚುತ್ತವೆ. ವಿಂಡೋಸ್‌ನ ಒಳತಿರುಳು, ಡ್ರೈವರ್‌ಗಳು ಮತ್ತು ಹಿನ್ನೆಲೆಯ ಸರ್ವಿಸ್‌ಗಳ ಸ್ಥಿತಿ ಹಾಗೆಹಾಗೇ ಡಿಸ್ಕ್‌ಗೆ ಬರೆದುಕೊಂಡು, ಬೆಳಿಗ್ಗೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಹೊಸದಾಗಿ ಏಳುತ್ತದೆ.

ಈ ಒಂದು ವಿಷಯದಿಂದ ಎರಡು ತೀರ್ಮಾನಗಳಿಗೆ ಬಂದೆ. ಶಟ್‌ಡೌನ್‌ನಿಂದ ಹೋಗದೆ ರೀಸ್ಟಾರ್ಟ್‌ನಿಂದ ಹೋಗುವುದಾದರೆ, ತೊಂದರೆ ಬಳಕೆದಾರರು ತೆರೆಯುವ ಪ್ರೋಗ್ರಾಂಗಳಲ್ಲಿಲ್ಲ, ಹಿನ್ನೆಲೆಯ ಯಾವುದೋ ಸರ್ವಿಸ್‌ನಲ್ಲಿದೆ. ಎರಡನೆಯದು ಕೆಲಸದ ವಿಧಾನವನ್ನೇ ಬದಲಿಸಿತು. ಇಂಥ ಕಡೆ ಸಾಮಾನ್ಯವಾಗಿ 'ಕ್ಲೀನ್ ಬೂಟ್' ಮಾಡುತ್ತಾರೆ: ಮೈಕ್ರೋಸಾಫ್ಟ್‌ನದಲ್ಲದ ಸರ್ವಿಸ್‌ಗಳನ್ನೆಲ್ಲ ಬಂದ್ ಮಾಡಿ ರೀಸ್ಟಾರ್ಟ್, ಅರ್ಧ ಚಾಲೂ ಮಾಡಿ ರೀಸ್ಟಾರ್ಟ್, ಹೀಗೆ ಅರ್ಧರ್ಧ ಮಾಡುತ್ತ ಹುಡುಕುವುದು. ಇಲ್ಲಿ ಅದು ನಡೆಯದು. ರೀಸ್ಟಾರ್ಟ್ ಮಾಡಿದ ಕೂಡಲೇ ರೋಗವೇ ಕೆಲವು ಗಂಟೆ ಮಾಯವಾಗುತ್ತದೆ. ಸರ್ವಿಸ್ ಬಂದ್ ಮಾಡಿದ್ದರಿಂದ ಸರಿಹೋಯಿತೋ ರೀಸ್ಟಾರ್ಟ್‌ನಿಂದ ಸರಿಹೋಯಿತೋ ಹೇಳಲಾಗದು. ಸೇಫ್ ಮೋಡ್ ಶಾಂತವಾಗಿತ್ತು ಎಂಬುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅರ್ಧ ದಿನ ಓಡಿಸಿದ ಲಿನಕ್ಸ್ ಫಲಿತಾಂಶದ ಮೇಲೆ ಮಾತ್ರ ಭಾರ ಹಾಕಬಹುದಿತ್ತು. ಜ್ವರ ಇರುವಾಗಲೇ ನಾಡಿ ನೋಡಬೇಕು. ಹಾಗಾಗಿ ಆಫ್‌ಲೈನ್ ಸ್ಕ್ಯಾನ್, ಸೇಫ್ ಮೋಡ್‌ಗಳ ನಂತರ ಯಂತ್ರವನ್ನು ಮಾಮೂಲಿಯಾಗಿ ಬಳಸಲು ಅವರಿಗೇ ಬಿಟ್ಟು, ಫ್ಯಾನ್ ಮತ್ತೆ ಏರಿದಾಗ ರೀಸ್ಟಾರ್ಟ್ ಮಾಡದೆ ತನ್ನಿ ಎಂದೆ.

ಯಾರು ಕೇಳುತ್ತಿದ್ದಾರೆ?

ಬಿಸಿಯಾದ ಸ್ಥಿತಿಯಲ್ಲೇ ಲ್ಯಾಪ್‌ಟಾಪ್ ಮತ್ತೆ ಬಂತು. ಪಟ್ಟಿಯ ಮೇಲ್ಗಡೆ ಮೂರು ಹೆಸರುಗಳು: ಡಿಫೆಂಡರ್, ವಿಂಡೋಸ್ ಇನ್‌ಸ್ಟಾಲರ್, ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್. ಮೂರನೆಯದು ಶೇ 12, 13ರ ನಡುವೆ ಅಲುಗಾಡದೆ ನಿಂತಿತ್ತು. 8 ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ಮುಳುಗಿದರೆ ಶೇ 12.5 ಆಗುತ್ತದೆ. ಹೀಗೆ ಒಂದು ಥ್ರೆಡ್ಡಿನ ಲೆಕ್ಕಕ್ಕೆ ಸರಿಯಾಗಿ ನಿಂತ ಅಂಕಿ ಕಂಡರೆ, ಒಂದೇ ಕೆಲಸ ಬಿಡುವಿಲ್ಲದೆ ಸುತ್ತುತ್ತಿದೆ ಎಂದು ಅನುಮಾನಿಸಬಹುದು.

ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಪುಟ ನೋಡಿದೆ. ಇದು ವಿಂಡೋಸ್ ಜೊತೆಗೇ ಬರುತ್ತದೆ, ಬಳಸುವವರು ಕಡಿಮೆ. ಈ ಕ್ಷಣ ಯಾವ ಫೈಲ್ ಓದಲಾಗುತ್ತಿದೆ ಎಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ. ಅಲ್ಲಿದ್ದವೆಲ್ಲ ವಿಂಡೋಸ್ ಫೋಲ್ಡರ್‌ನೊಳಗಿನ 'ಇನ್‌ಸ್ಟಾಲರ್' ಎಂಬ ಅಡಗಿದ ಫೋಲ್ಡರ್‌ನ ಫೈಲ್‌ಗಳು. ಅರ್ಥವಿಲ್ಲದ ಅಕ್ಷರ-ಅಂಕಿಗಳ ಹೆಸರು, ಕೊನೆಗೆ ಎಂಎಸ್‌ಐ ಎಂಬ ಬಾಲ. ಎಂಎಸ್‌ಐ ರೂಪದಲ್ಲಿ ಇನ್‌ಸ್ಟಾಲ್ ಆದ ಪ್ರತಿ ಸಾಫ್ಟ್‌ವೇರ್‌ನ ಪ್ಯಾಕೇಜ್ ಪ್ರತಿಯೊಂದನ್ನು ವಿಂಡೋಸ್ ಅಲ್ಲಿ ಇಟ್ಟುಕೊಂಡಿರುತ್ತದೆ, ಮುಂದೆ ರಿಪೇರಿಗೋ ತೆಗೆದುಹಾಕಲೋ ಬೇಕಾಗುತ್ತದೆಂದು. ಯಾವ ಇನ್‌ಸ್ಟಾಲೇಷನ್ನೂ ನಡೆಯದಿರುವಾಗ ಅವನ್ನು ಒಂದೊಂದಾಗಿ ತೆರೆಯುತ್ತಿರುವುದು ಯಾಕೆ?

ಈಗ ಸರಪಳಿ ಕಾಣಿಸಿತು. ಇನ್‌ಸ್ಟಾಲರ್ ಫೈಲ್ ತೆರೆಯುತ್ತದೆ, ತೆರೆದ ಫೈಲನ್ನು ಡಿಫೆಂಡರ್ ಪರೀಕ್ಷಿಸುತ್ತದೆ, ಇಬ್ಬರನ್ನೂ ದುಡಿಸುತ್ತಿರುವುದು ಡಬ್ಲ್ಯುಎಂಐ. ಆದರೆ ಡಬ್ಲ್ಯುಎಂಐ ಕೂಡ ಕೇಳಿದ್ದಕ್ಕೆ ಉತ್ತರ ಕೊಡುವ ವ್ಯವಸ್ಥೆಯೇ ಹೊರತು ತಾನಾಗಿ ಹೊರಡುವುದಲ್ಲ. ಹಿಂದಿನ ಪ್ರಯತ್ನಗಳೆಲ್ಲ ಇಲ್ಲೇ ನಿಂತಿದ್ದವು: ಯಾರು ದುಡಿಯುತ್ತಿದ್ದಾರೋ ಅವರನ್ನೇ ಹಿಡಿದಿದ್ದವು. ದುಡಿಸುತ್ತಿರುವವರು ಪಟ್ಟಿಯ ಮೇಲ್ಗಡೆ ಬರಲೇಬೇಕಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದಕ್ಕೆ ಪ್ರೊಸೆಸರ್ ಬೇಕಾಗುವುದೇ ಇಲ್ಲ.

ಕೇಳುವವರ ಗುರುತು, ವಿಂಡೋಸ್‌ನ ಲಾಗ್‌ಗಳನ್ನು (ನಡೆದದ್ದರ ದಾಖಲೆಗಳನ್ನು) ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಸಿಗುತ್ತದೆ. 'ಅಪ್ಲಿಕೇಷನ್ಸ್ ಅಂಡ್ ಸರ್ವಿಸಸ್ ಲಾಗ್ಸ್' ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ 'ಡಬ್ಲ್ಯುಎಂಐ-ಆ್ಯಕ್ಟಿವಿಟಿ', ಅಲ್ಲಿ 'ಆಪರೇಷನಲ್'. ವಿಫಲವಾದ ಪ್ರಶ್ನೆಗಳು 5858 ಎಂಬ ಸಂಖ್ಯೆಯಡಿ ದಾಖಲಾಗುತ್ತವೆ. ಲಾಗ್ ತೆರೆದರೆ ಅದೇ ಸಂಖ್ಯೆಯ ಸಾಲುಗಳು ಪುಟಗಟ್ಟಲೆ. ಸಮಯ ನೋಡಿದಾಗ ಚಿತ್ರ ಸ್ಪಷ್ಟವಾಯಿತು: 10:42:07, 10:44:07, 10:46:07. ಸರಿಯಾಗಿ 2 ನಿಮಿಷಕ್ಕೊಂದು, ಮನುಷ್ಯರ ಕೈವಾಡವಿಲ್ಲದ ಶಿಸ್ತು.

ಒಂದು ಸಾಲನ್ನು ಬಿಡಿಸಿ ಓದಿದೆ. ಕೇಳಿದ ಪ್ರಶ್ನೆ 'ವಿನ್32_ಪ್ರಾಡಕ್ಟ್' ಎಂಬ ವರ್ಗದಿಂದ ಎಲ್ಲವನ್ನೂ ಕೊಡು ಎಂದು. ಫಲಿತಾಂಶದ ಕೋಡ್ 80041032, ಅಂದರೆ ಕೇಳಿದವರೇ ಕರೆಯನ್ನು ರದ್ದುಮಾಡಿದ್ದಾರೆ. ಬಳಕೆದಾರರ ಜಾಗದಲ್ಲಿ 'ಸಿಸ್ಟಂ' ಎಂದಿತ್ತು, ಅಂದರೆ ಸರ್ವಿಸ್ ಒಂದು. 'ಕ್ಲೈಂಟ್ ಪ್ರೋಸೆಸ್ ಐಡಿ' ಎದುರು 3476. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಪಿಐಡಿ (ಪ್ರೋಸೆಸ್ ಐಡಿ, ಓಡುತ್ತಿರುವ ಪ್ರತಿ ಪ್ರೋಗ್ರಾಂಗೆ ವಿಂಡೋಸ್ ಕೊಡುವ ಸಂಖ್ಯೆ) ಪ್ರಕಾರ ಜೋಡಿಸಿ 3476 ಹುಡುಕಿದೆ. ಸಿಕ್ಕಿದ್ದು ಲ್ಯಾಪ್‌ಟಾಪ್ ತಯಾರಕರೇ ಕೊಟ್ಟಿದ್ದ ಸಹಾಯ-ಸಾಫ್ಟ್‌ವೇರ್‌ನ ಸರ್ವಿಸ್. ಅದರ ಸ್ವಂತ ಬಳಕೆ ಶೇ 0.

ಇಲ್ಲಿ ಒಂದು ಎಚ್ಚರಿಕೆ. ಪಿಐಡಿ ಪ್ರತಿ ಸಲ ಪ್ರೋಗ್ರಾಂ ಶುರುವಾದಾಗಲೂ ಬದಲಾಗುತ್ತದೆ, ಹಳೆಯ ಸಂಖ್ಯೆ ಮುಂದೆ ಬೇರೊಂದು ಪ್ರೋಗ್ರಾಂಗೂ ಸಿಗಬಹುದು. ಲಾಗ್ ಮತ್ತು ಪಟ್ಟಿಯನ್ನು ಒಂದೇ ಕೂತಲ್ಲಿ ನೋಡಬೇಕು. ನಿನ್ನೆಯ ಲಾಗ್‌ನ ಸಂಖ್ಯೆಯನ್ನು ಇವತ್ತಿನ ಪಟ್ಟಿಯಲ್ಲಿ ಹುಡುಕಿದರೆ ತಪ್ಪು ಅಮಾಯಕ ಪ್ರೋಗ್ರಾಂ ಒಂದರ ತಲೆಗೆ ಬರುತ್ತದೆ.

ಯಾಕೆ ಈಗ ಶುರುವಾಯಿತು?

ಆ ಸಾಫ್ಟ್‌ವೇರ್ ಮೊದಲ ದಿನದಿಂದಲೂ ಅಲ್ಲಿತ್ತು. ಅಷ್ಟು ಕಾಲ ಸುಮ್ಮನಿದ್ದದ್ದು ಈಗ ಯಾಕೆ ಹೀಗಾಯಿತು ಎಂದು ತಿಳಿಯದಿದ್ದರೆ ಪ್ರಕರಣ ಮುಗಿದಂತಲ್ಲ ಅನ್ನಿಸಿತು.

ವಿನ್32_ಪ್ರಾಡಕ್ಟ್ ಹೆಸರುವಾಸಿಯಾದ ಬಲೆ. ಇನ್‌ಸ್ಟಾಲ್ ಆಗಿರುವ ಸಾಫ್ಟ್‌ವೇರ್‌ಗಳ ಪಟ್ಟಿ ಕೊಡುತ್ತದೆ ಎಂದು ಪ್ರೋಗ್ರಾಂ ಬರೆಯುವವರು ಅದನ್ನು ಬಳಸುತ್ತಾರೆ. ಆದರೆ ಪಟ್ಟಿ ಕೊಡುವಾಗ ಅದು ಎಂಎಸ್‌ಐ ಪ್ಯಾಕೇಜ್‌ಗಳನ್ನು ಒಂದೊಂದಾಗಿ ತೆರೆದು, ಸರಿಯಿದೆಯೇ ಎಂದು ತಾಳೆ ನೋಡುತ್ತದೆ. ಬರೀ ಹೆಸರುಗಳು ಸಾಕಾಗಿದ್ದರೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) 'ಅನ್‌ಇನ್‌ಸ್ಟಾಲ್' ಭಾಗವನ್ನು ಓದಿದರೆ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ತಾಳೆ ನೋಡಿದ ಪ್ರತಿ ಪ್ಯಾಕೇಜ್‌ಗೂ ಅಪ್ಲಿಕೇಷನ್ ಲಾಗ್‌ನಲ್ಲಿ ಎಂಎಸ್‌ಐ ಇನ್‌ಸ್ಟಾಲರ್ ಹೆಸರಿನಲ್ಲಿ 1035 ಸಂಖ್ಯೆಯ ದಾಖಲೆ ಬೀಳುತ್ತದೆ. ಆ ಲಾಗ್ ತೆರೆದು ಸಮಯದ ಕ್ರಮದಲ್ಲಿ ಓದಿದೆ. ಸಾಫ್ಟ್‌ವೇರ್‌ಗಳ ಹೆಸರು ಒಂದಾದ ಮೇಲೊಂದು ಬರುತ್ತ, ಒಂದು ಜಾಗದಲ್ಲಿ ತುಂಡಾಗಿ, ಮತ್ತೆ ಮೊದಲ ಹೆಸರಿನಿಂದ ಶುರುವಾಗುತ್ತಿತ್ತು. ಪಟ್ಟಿ ಕೊನೆ ಮುಟ್ಟುತ್ತಲೇ ಇರಲಿಲ್ಲ.

ಎರಡೂ ಲಾಗ್‌ಗಳನ್ನು ಜೋಡಿಸಿದಾಗ ಒಳಗೆ ನಡೆಯುತ್ತಿರುವುದು ಅರ್ಥವಾಯಿತು. ಸಹಾಯ-ಸಾಫ್ಟ್‌ವೇರ್ ಪಟ್ಟಿ ಕೇಳುತ್ತದೆ, 2 ನಿಮಿಷ ಕಾಯುತ್ತದೆ, ಬರಲಿಲ್ಲವೆಂದು ರದ್ದುಮಾಡಿ ಅದೇ ಸೆಕೆಂಡಿನಲ್ಲಿ ಮತ್ತೆ ಕೇಳುತ್ತದೆ. ಸಿಗುವ ತನಕ ಬಿಡುವುದಿಲ್ಲ, ಎಂದಿಗೂ ಸಿಗುವುದಿಲ್ಲ. ವಿದ್ಯಾರ್ಥಿನಿ ಆ ದಿನಗಳಲ್ಲೇ ವಿಶ್ಲೇಷಣೆಗೆಂದು ದೊಡ್ಡದೊಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದರು. ಅದು ಒಂದೇ ಹೆಸರಿನಡಿ ಹತ್ತಾರು ಚಿಕ್ಕ ಎಂಎಸ್‌ಐ ಪ್ಯಾಕೇಜ್‌ಗಳಾಗಿ ಕೂತಿತ್ತು. ಮೊದಲು ಪಟ್ಟಿ 2 ನಿಮಿಷದೊಳಗೆ ಮುಗಿಯುತ್ತಿದ್ದಿರಬೇಕು, ಪ್ಯಾಕೇಜ್‌ಗಳು ಹೆಚ್ಚಾದ ಮೇಲೆ ಗೆರೆ ದಾಟಿತು. ಯಾವುದೂ ಕೆಟ್ಟಿರಲಿಲ್ಲ, ಯಾರೂ ತಪ್ಪು ಮಾಡಿರಲಿಲ್ಲ. ಅದಕ್ಕೇ 'ಆವತ್ತಿನಿಂದ ಏನು ಬದಲಾಯಿತು' ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಹೊಳೆದಿರಲಿಲ್ಲ. ಹೊಸ ಸಾಫ್ಟ್‌ವೇರ್ ತಾನು ಚೆನ್ನಾಗಿಯೇ ನಡೆಯುತ್ತಿತ್ತಲ್ಲ.

ಇದು ಊಹೆಯಾಗಿ ಉಳಿಯಬಾರದೆಂದು ಎರಡು ಪರೀಕ್ಷೆ ಮಾಡಿದೆವು. ಆ ಸರ್ವಿಸ್ ಒಂದನ್ನೇ ನಿಲ್ಲಿಸಿದೆ. ಕೆಲವೇ ನಿಮಿಷಗಳಲ್ಲಿ ಮೂರೂ ಹೆಸರುಗಳು ಪಟ್ಟಿಯಲ್ಲಿ ಕೆಳಗಿಳಿದವು, ಬಳಕೆ ಶೇ 3ಕ್ಕೆ ಬಂತು, ವೇಗದ ಅಂಕಿ ಏರಿತು. ವಿದ್ಯಾರ್ಥಿನಿ "ಸಾಕು, ಇನ್ನು ಮುಟ್ಟಬೇಡಿ" ಎಂದರು. ಅವರ ಆತಂಕ ಸಹಜವೇ. ಆದರೂ ಒಪ್ಪಿಸಿ ಸರ್ವಿಸ್ ಮತ್ತೆ ಶುರುಮಾಡಿ, ಆ ಸಾಫ್ಟ್‌ವೇರ್‌ನ ಕಿಟಕಿಯಲ್ಲಿ 'ಸಿಸ್ಟಂ ಪರೀಕ್ಷೆ' ಗುಂಡಿ ಒತ್ತಿಸಿದೆ. ಒಂದು ನಿಮಿಷದೊಳಗೆ ಫ್ಯಾನ್ ಎದ್ದಿತು, ಆಮೇಲೆ ಲಾಗ್‌ನಲ್ಲಿ 5858 ಮತ್ತೆ ಬೀಳತೊಡಗಿತು. ನಿಲ್ಲಿಸಿದಾಗ ಇಳಿದದ್ದು ಕಾಕತಾಳೀಯ ಇರಬಹುದು. ಶುರುಮಾಡಿದಾಗ ಏರಿದರೆ ಮಾತ್ರ ಕೈಗೆ ಹಿಡಿತ ಸಿಕ್ಕಂತೆ.

ಎರಡನೆಯ ಪರೀಕ್ಷೆಗೆ ಸರ್ವಿಸ್ ನಿಲ್ಲಿಸಿ, ಆದೇಶಗಳನ್ನು ಟೈಪ್ ಮಾಡಿ ಕೊಡುವ ಪವರ್‌ಶೆಲ್‌ನಿಂದ ಅದೇ ಪ್ರಶ್ನೆಯನ್ನು ನಾನೇ ಕೇಳಿ ಸಮಯ ಅಳೆದೆ. 3 ನಿಮಿಷ ದಾಟಿತು. 2 ನಿಮಿಷದ ಗಡುವಿನೊಳಗೆ ಅದು ಮುಗಿಯುವ ಸಾಧ್ಯತೆಯೇ ಇರಲಿಲ್ಲ. ಇದನ್ನು ಕುತೂಹಲಕ್ಕೆ ಮಾಡಿ ನೋಡಬೇಡಿ. ತಾಳೆ ನೋಡುವಾಗ ಯಾವುದಾದರೂ ಪ್ಯಾಕೇಜ್ ಸರಿಯಿಲ್ಲವೆಂದು ಕಂಡರೆ ವಿಂಡೋಸ್ ಅದರ ರಿಪೇರಿಗೂ ಇಳಿಯಬಹುದು. ನಮ್ಮಲ್ಲಿ ಬ್ಯಾಕಪ್ ಇತ್ತು, ಒಂದು ಸಲಕ್ಕೇ ನಿಲ್ಲಿಸಿದೆವು.

ಪರಿಹಾರ

ಸಾಫ್ಟ್‌ವೇರ್ ತೆಗೆದುಹಾಕುವುದು ಸುಲಭ, ಆದರೆ ವಿದ್ಯಾರ್ಥಿನಿಗೆ ಅದರಿಂದ ಒಂದು ಉಪಯೋಗವಿತ್ತು. ಬ್ಯಾಟರಿ ಶೇ 80ಕ್ಕಿಂತ ಹೆಚ್ಚು ಚಾರ್ಜ್ ಆಗದಂತೆ ಅದರಲ್ಲೇ ಮಿತಿ ಹಾಕಿದ್ದರು, ಬಯಾಸ್ (ವಿಂಡೋಸ್‌ಗಿಂತ ಮೊದಲೇ ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ಅದರ ಮೂಲಕ ಬರುತ್ತಿತ್ತು. ಬಯಾಸ್ ಒಳಗೆ ಹೋಗಿ ನೋಡಿದಾಗ ಚಾರ್ಜ್ ಮಿತಿಯ ಆಯ್ಕೆ ಅಲ್ಲೇ ಇತ್ತು. ಅಲ್ಲಿಂದಲೇ ಮಿತಿ ಹಾಕಿದೆವು. ಬಯಾಸ್ ಅಪ್‌ಡೇಟನ್ನು ತಯಾರಕರ ವೆಬ್‌ಸೈಟ್‌ನಿಂದ ನೇರವಾಗಿ ತೆಗೆದುಕೊಳ್ಳಬಹುದು. ಹೀಗೆ ಕಳೆದುಕೊಳ್ಳುವುದೇನೂ ಇಲ್ಲವೆಂದು ಖಚಿತವಾದ ಮೇಲೆ ಆ ಸಾಫ್ಟ್‌ವೇರ್ ತೆಗೆದೆವು. ವಿಶ್ಲೇಷಣೆಯ ಸಾಫ್ಟ್‌ವೇರನ್ನು ಮುಟ್ಟಲಿಲ್ಲ; ಅದು ಅವರ ಕೆಲಸದ ಜೀವಾಳ. ಲಾಗ್‌ನ ಸಾಲುಗಳನ್ನು ಸಮಯದ ಸಮೇತ ತಯಾರಕರಿಗೂ ಕಳಿಸಿದೆವು.

ಫಾಸ್ಟ್ ಸ್ಟಾರ್ಟಪ್ ಆರಿಸಿದೆ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅದರಿಂದ ಉಳಿಯುವುದು ಕೆಲವು ಸೆಕೆಂಡುಗಳು. ಶಟ್‌ಡೌನ್ ಅಂದರೆ ನಿಜವಾಗಿ ಶಟ್‌ಡೌನ್ ಆಗುವುದು ಅದಕ್ಕಿಂತ ಬೆಲೆಯುಳ್ಳದ್ದು ಎಂದು ನನ್ನ ಅಭಿಪ್ರಾಯ. ಹಿಂದಿನ ಪ್ರಯತ್ನಗಳ ನಡುವೆ ಯಾರೋ ಹಾಕಿದ್ದ 'ಕ್ಲೀನರ್' ಪ್ರೋಗ್ರಾಂ ಒಂದನ್ನೂ ತೆಗೆದೆವು.

ಎಲ್ಲ ನಿಧಾನವೂ ಹೋಗಲಿಲ್ಲ. ದೊಡ್ಡ ಡೇಟಾ ತೆರೆದು, ಜೊತೆಗೆ ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ಇಟ್ಟರೆ ಯಂತ್ರ ಇನ್ನೂ ತಡವರಿಸುತ್ತಿತ್ತು. ಅಲ್ಲಿ ಪ್ರೊಸೆಸರ್ ಖಾಲಿಯೇ ಇರುತ್ತಿತ್ತು, ರ‍್ಯಾಮ್ ತುಂಬಿರುತ್ತಿತ್ತು. 8 ಜಿಬಿಗೆ ಅದು ಹೆಚ್ಚಾಯಿತು, ಅದು ಬೇರೆಯೇ ಸಮಸ್ಯೆ. 'ಲ್ಯಾಪ್‌ಟಾಪ್ ಸ್ಲೋ' ಎಂಬ ಒಂದು ದೂರಿನೊಳಗೆ ಹೀಗೆ ಎರಡು ಮೂರು ಕಾರಣಗಳು ಕೂಡಿಕೊಂಡಿರುವುದು ಸಾಮಾನ್ಯ. ಒಂದನ್ನು ಪೂರ್ತಿ ಬೇರ್ಪಡಿಸಿ ತೆಗೆದಾಗಲೇ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಡೇಟಾ ತೆರೆದಾಗ ಟ್ಯಾಬ್‌ಗಳನ್ನು ಮುಚ್ಚುವುದೆಂದು ಅವರು ರೂಢಿ ಮಾಡಿಕೊಂಡರು, ಪ್ರಬಂಧ ಮುಗಿಯುವವರೆಗೆ ಅಷ್ಟು ಸಾಕಾಯಿತು.

ಮತ್ತೆ ಬಂದದ್ದು

ಕೆಲವು ವಾರಗಳ ನಂತರ ಅವರಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಫ್ಯಾನ್ ಮತ್ತೆ ಏರಿತ್ತು. ಈ ಸಲ ಅವರು ಯಾರನ್ನೂ ಕೇಳದೆ, ರೀಸ್ಟಾರ್ಟ್ ಕೂಡ ಮಾಡದೆ ಇವೆಂಟ್ ವ್ಯೂವರ್ ತೆರೆದು, 5858ರ ಸಾಲು ಹುಡುಕಿ, ಪಿಐಡಿ ತಾಳೆ ಹಾಕಿದ್ದರು. ತೆಗೆದುಹಾಕಿದ್ದ ಅದೇ ಸಾಫ್ಟ್‌ವೇರ್ ಮರಳಿ ಬಂದು ಕೂತಿತ್ತು. ಜೊತೆಗೆ ಅವರ ಪ್ರಶ್ನೆ: "ನಾನು ಹಾಕಿಲ್ಲ, ಇದು ಎಲ್ಲಿಂದ ಬಂತು?"

ವಿಂಡೋಸ್ 8ರಿಂದ ಒಂದು ಏರ್ಪಾಡಿದೆ: ತಯಾರಕರು ಬಯಾಸ್‌ನಲ್ಲೇ ಒಂದು ಚಿಕ್ಕ ಪ್ರೋಗ್ರಾಂ ಇಟ್ಟರೆ, ವಿಂಡೋಸ್ ಏಳುವಾಗ ಅದನ್ನು ತೆಗೆದುಕೊಂಡು ಓಡಿಸುತ್ತದೆ. ಕಳವಾದ ಲ್ಯಾಪ್‌ಟಾಪ್ ಪತ್ತೆಹಚ್ಚುವಂಥ ಸಾಫ್ಟ್‌ವೇರ್ ಡಿಸ್ಕ್ ಅಳಿಸಿದರೂ ಉಳಿಯಲಿ ಎಂಬಂಥ ಉದ್ದೇಶಕ್ಕೆ ಮಾಡಿದ್ದು. ಕೆಲವು ತಯಾರಕರು ಇದನ್ನು ತಮ್ಮ ಸಹಾಯ-ಸಾಫ್ಟ್‌ವೇರನ್ನು ಮತ್ತೆ ಕೂರಿಸಲೂ ಬಳಸುತ್ತಾರೆ. ಫಾರ್ಮ್ಯಾಟ್ ಮಾಡಿಸಿದ್ದರೂ ಇದು ಹೀಗೇ ವಾಪಸ್ ಬರುತ್ತಿತ್ತು. ಬಯಾಸ್‌ನ ಆಯ್ಕೆಗಳಲ್ಲಿ 'ಸಪೋರ್ಟ್ ಸಾಫ್ಟ್‌ವೇರ್ ತಾನಾಗಿ ಇನ್‌ಸ್ಟಾಲ್ ಮಾಡು' ಎಂಬ ಅರ್ಥದ ಸಾಲು ಇದೆಯೇ ನೋಡಿ ಎಂದು ಬರೆದೆ. ಇತ್ತು. ಅದನ್ನು ಆರಿಸಿ, ಸಾಫ್ಟ್‌ವೇರನ್ನು ಮತ್ತೆ ತೆಗೆದು, ಲಾಗನ್ನು ಖಾಲಿ ಮಾಡಿ, ಮುಂದಿನ ಕೆಲವು ದಿನ 5858 ಸಾಲುಗಳು ಬೀಳುತ್ತವೆಯೇ ಎಂದು ಅವರೇ ಕಾದು ನೋಡಿದರು. ಬೀಳಲಿಲ್ಲ.